ತೊಗರಿ ಹೊಲದ ಮೇಲೆ ಡ್ರೋನಿನ ಮೋಟರ್ ನಿಂತರೆ: ನಾವು ಇಳಿಸುವ ಬಗೆ

ಕಲಬುರಗಿ ಸೀಮೆಯ ತೊಗರಿಗೆ ಕಾಯಿಕೊರಕದ ಎಣ್ಣಿ (ಔಷಧಿ) ಹೊಡೆಯುವ ಹೊತ್ತಿಗೆ ಬೆಳೆ ಎದೆಮಟ್ಟ ದಾಟಿ ಸಾಲುಗಳು ಒಂದಕ್ಕೊಂದು ಕೂಡಿರುತ್ತವೆ. ಆಳು ಒಳಗೆ ಹೋಗುವುದು ಕಷ್ಟ, ಆದ್ದರಿಂದಲೇ ಡ್ರೋನ್ ಕರೆಸುತ್ತಾರೆ. ಹಾರಾಟದ ನಡುವೆ ಮೋಟರ್ ನಿಂತರೆ ಇಳಿಸಲು ಬಯಲು ಸಿಗದಿರುವುದೂ ಆಗಲೇ.

ನಮ್ಮದು 10 ಲೀಟರ್ ಟ್ಯಾಂಕಿನ, ಆರು ಮೋಟರಿನ ಯಂತ್ರ. ತುಂಬಿದಾಗ ಸುಮಾರು 24 ಕಿಲೋ. ಒಂದೊಂದು ಮೋಟರ್ 4 ಕಿಲೋ ಹೊರುತ್ತದೆ. ಒಂದು ನಿಂತರೆ ಯಂತ್ರ ವಾಲದಿರಲಿ ಎಂದು ಅದರ ಎದುರಿನ ಮೋಟರನ್ನೂ ಯಂತ್ರದೊಳಗಿನ ಕಂಟ್ರೋಲರ್ ತಾನೇ ತಗ್ಗಿಸುತ್ತದೆ. ಭಾರವೆಲ್ಲ ಉಳಿದ ನಾಲ್ಕರ ಮೇಲೆ, ತಲಾ 6 ಕಿಲೋ. ಟ್ಯಾಂಕ್ ಅರ್ಧವಾಗಿದ್ದರೆ ಅದು 5ರೊಳಗೆ ಬರುತ್ತದೆ, ಯಂತ್ರ ತಿರುಗುತ್ತ ತಿರುಗುತ್ತ ಆದರೂ ತಡೆದು ಇಳಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆ ಭರವಸೆ ಇಲ್ಲ. ಔಷಧಿ ಹೊಡೆಯುವ ವಿಮಾನಗಳಲ್ಲಿ ಎಂಜಿನ್ ಕೆಟ್ಟರೆ ಪೈಲಟ್ ಒಂದು ಹಿಡಿಕೆ ಎಳೆದು ಟ್ಯಾಂಕನ್ನು ಕೆಲವೇ ಸೆಕೆಂಡುಗಳಲ್ಲಿ ಖಾಲಿ ಮಾಡುತ್ತಾನೆ. ನಮ್ಮ ನಾಜಲ್‌ಗಳಿಂದ ನಿಮಿಷಕ್ಕೆ ಎರಡು ಲೀಟರ್ ಹೋದರೆ ಹೆಚ್ಚು. ಇನ್ನು ನಾಲ್ಕೇ ಮೋಟರಿನ ಯಂತ್ರವಾದರೆ ಒಂದು ನಿಂತ ಕ್ಷಣವೇ ಮಗುಚುತ್ತದೆ.

ಬೆಳೆಯ ತುದಿಯಿಂದ 2 ಮೀಟರ್ ಮೇಲೆ ಹಾರಿಸುತ್ತೇವೆ, ನೆಲದಿಂದ ಸುಮಾರು 4 ಮೀಟರ್. ಅಲ್ಲಿಂದ ಬೀಳಲು ಒಂದು ಸೆಕೆಂಡೂ ಬೇಡ. ಹಾಗಾಗಿ ಎಲ್ಲಿ ಇಳಿಸಬೇಕು ಎನ್ನುವುದನ್ನು ಹಾರಿಸುವ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ನಾವು ಮೊದಲು ಹೊಲದ ಸುತ್ತ ನಡೆದು ಲೈನ್ ಕಂಬ, ಬದುವಿನ ಜಾಲಿ, ಬೇವು, ಬಾವಿಯ ವೈರ್ ನೋಡಿಕೊಳ್ಳುತ್ತೇವೆ. ಹೊಲದ ಎರಡು ಕಡೆ ಇಳಿಸುವ ಜಾಗ ಗುರುತಿಸುತ್ತೇವೆ: ಒಂದು ಬಂಡಿದಾರಿ, ಇನ್ನೊಂದು ಕಟಾವಾದ ಪಕ್ಕದ ಹೊಲ. ದೂರದ ಸಾಲಿನಿಂದ ಶುರು ಮಾಡಿ ನಮ್ಮ ಕಡೆಗೆ ಬರುತ್ತೇವೆ, ಬ್ಯಾಟರಿ ಇಳಿಯುವ ಹೊತ್ತಿಗೆ ಯಂತ್ರ ಹತ್ತಿರ ಇರಲಿ ಎಂದು. ರಿಮೋಟ್ ಹಿಡಿದವರು ಬೆಳೆಯೊಳಗೆ ನಿಲ್ಲಬಾರದು, ಎಲೆಗಳ ಮರೆಯಲ್ಲಿ ಸಿಗ್ನಲ್ ಕಡಿಯುತ್ತದೆ. ಬದುವಿನ ಮೇಲೋ ಟ್ರಾಲಿಯ ಮೇಲೋ ನಿಲ್ಲಬೇಕು. ಇನ್ನೊಬ್ಬರು ಆ ತುದಿಯಲ್ಲಿ ನಿಂತು 'ಅಣ್ಣಾ, ಲೈನ್ ಹತ್ತಿರ ಅದ' ಎಂದು ಕೂಗಿ ಹೇಳಬೇಕು.

ಮೋಟರ್ ನಿಂತಾಗ ಕೈ ತಾನಾಗಿ ಥ್ರಾಟಲ್ (ರಿಮೋಟಿನ ಏರಿಸಿ ಇಳಿಸುವ ಕಡ್ಡಿ) ಮೇಲಕ್ಕೆ ಒತ್ತುತ್ತದೆ. ಅದೇ ದೊಡ್ಡ ತಪ್ಪು. ಉಳಿದ ಮೋಟರ್‌ಗಳು ಆಗಲೇ ಶಕ್ತಿಯ ಕೊನೆಯಲ್ಲಿ ತಿರುಗುತ್ತಿರುತ್ತವೆ. ಇನ್ನೂ ಕೇಳಿದರೆ ಸಮತೋಲಕ್ಕೆ ಏನೂ ಉಳಿಯದೆ ಯಂತ್ರ ಪಲ್ಟಿ ಹೊಡೆಯುತ್ತದೆ. ಮುಂದಿನ ಓಟ ನಿಲ್ಲಿಸಿ, ಥ್ರಾಟಲ್ ಸ್ವಲ್ಪವೇ ತಗ್ಗಿಸಿ ನೇರ ಕೆಳಗೆ ಇಳಿಸಬೇಕು, ತೊಗರಿಯ ಮೇಲಾದರೂ ಸರಿ. ಬದು 10 ಮೀಟರ್‌ಗಿಂತ ದೂರ ಇದ್ದರೆ ಅದರ ಆಸೆ ಬಿಡಬೇಕು. ನಾಲ್ಕು ಗಿಡ ಮುರಿದರೆ ರೈತರಿಗೆ ಹೇಳಿ ತುಂಬಿಕೊಡಬಹುದು. 'ಮನೆಗೆ ಮರಳು' ಗುಂಡಿಯನ್ನು ಈ ಸ್ಥಿತಿಯಲ್ಲಿ ಒತ್ತುವಂತಿಲ್ಲ. ಒತ್ತಿದರೆ ಯಂತ್ರ ಹೊರಟ ಜಾಗಕ್ಕೆ ಮರಳಲು ಮೊದಲು ಮೇಲೇರಲು ನೋಡುತ್ತದೆ, ಕುಂಟುತ್ತಿರುವ ಯಂತ್ರಕ್ಕೆ ಏರಲು ಬಲವೇ ಇರುವುದಿಲ್ಲ. ಫ್ಯಾನು ಕೊಂಬೆಗೆ ತಾಗಿದ ಕೂಡಲೇ ಮೋಟರ್ ಪೂರ್ತಿ ಬಂದ್ ಮಾಡಬೇಕು. ಸಿಕ್ಕಿಕೊಂಡ ಮೋಟರ್ ತಿರುಗಲು ಒದ್ದಾಡಿದರೆ ಅದರ ವೇಗ ನಿಯಂತ್ರಿಸುವ ಸರ್ಕಿಟ್ (ಇಎಸ್‌ಸಿ) ಸುಡುತ್ತದೆ. ಕೆಲವು ಕಂಟ್ರೋಲರ್‌ಗಳು ಗಾಳಿಯಲ್ಲಿರುವಾಗ ಬಂದ್ ಆಜ್ಞೆಯನ್ನು ಒಪ್ಪುವುದಿಲ್ಲ, ಇದನ್ನು ಮೊದಲೇ ಸೆಟ್ಟಿಂಗ್‌ನಲ್ಲಿ ನೋಡಿಕೊಂಡಿರಬೇಕು.

ಮೋಟರ್ ನಿಲ್ಲುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಮೋಟರಿನ ಮೂರು ವೈರುಗಳ ಜೋಡಣೆ ಸಡಿಲಾಗಿರುತ್ತದೆ, ಇಲ್ಲವೇ ಔಷಧಿಯ ತೇವಕ್ಕೆ ಅಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಎರೆಮಣ್ಣಿನ ಸಣ್ಣ ಧೂಳು ಬೇರಿಂಗ್ ತಿನ್ನುತ್ತದೆ. ಅದಕ್ಕೆ 3 ಮೀಟರ್ ತಾಡಪತ್ರಿ ಹಾಸಿ, ನಾಲ್ಕೂ ಮೂಲೆಗೆ ಭಾರವಾದ ಕಲ್ಲಿಟ್ಟು ಅದರ ಮೇಲಿಂದಲೇ ಏರಿಸುತ್ತೇವೆ. ಕಲ್ಲಿಲ್ಲದಿದ್ದರೆ ಅಂಚು ಎದ್ದು ಫ್ಯಾನಿಗೆ ಸಿಗುತ್ತದೆ. ಪ್ರತಿ ಇಳಿತಕ್ಕೂ ಹಿಂಗೈಯಿಂದ ಆರೂ ಮೋಟರ್ ಮುಟ್ಟಿ ನೋಡುವುದು ನಮ್ಮ ರೂಢಿ. ಐದು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅದು ಇವತ್ತೋ ನಾಳೆಯೋ ನಿಲ್ಲುವಂಥದ್ದು. ಫ್ಯಾನು ಕೈಯಿಂದ ತಿರುಗಿಸಿದಾಗ ಕರಕರ ಅಂದರೆ ಬೇರಿಂಗ್ ಬದಲಿಸುವವರೆಗೆ ಹಾರಿಸುವುದಿಲ್ಲ. ಸಂಜೆ ತೊಳೆಯುವಾಗ ಮೋಟರ್‌ಗೆ ನೀರು ಚಿಮ್ಮಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ.

ಎಲ್ಲ ಮೋಟರ್‌ಗಳೂ ಒಟ್ಟಿಗೆ ಸೋತರೆ ತಪ್ಪು ಬ್ಯಾಟರಿಯದು. 12 ಸೆಲ್ಲಿನ ಬ್ಯಾಟರಿ ತುಂಬಿದಾಗ 50.4 ವೋಲ್ಟ್. ಹಾರಾಟದಲ್ಲಿ 43.2ಕ್ಕೆ ಬಂದರೆ, ಅಂದರೆ ಸೆಲ್ಲಿಗೆ 3.6, ಸಾಲು ಅರ್ಧಕ್ಕೆ ಬಿಟ್ಟು ಇಳಿಸಬೇಕು. ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ ಭಾರ ಬಿದ್ದ ತಕ್ಷಣ ವೋಲ್ಟ್ ಕುಸಿಯುತ್ತದೆ, ಬ್ಯಾಟರಿಯನ್ನು ಕಂಬಳಿಯಲ್ಲಿ ಸುತ್ತಿ ತಂದರೆ ವಾಸಿ.

ಬಿದ್ದ ಯಂತ್ರದ ಹತ್ತಿರ ಕೈಗವಸು ಹಾಕಿಕೊಂಡೇ ಹೋಗಬೇಕು, ಟ್ಯಾಂಕ್ ಒಡೆದು ಔಷಧಿ ಚೆಲ್ಲಿರುತ್ತದೆ. ಹೊಗೆ ಕಂಡರೆ ಹತ್ತಿರ ಹೋಗಬಾರದು. ಇಲ್ಲದಿದ್ದರೆ ಮೊದಲ ಕೆಲಸ ಬ್ಯಾಟರಿ ಕಳಚುವುದು. ಉಬ್ಬಿದ್ದರೆ, ಚುಚ್ಚಿದ್ದರೆ ಒಣ ಕಟ್ಟಿಗೆಯಿಂದ ದೂರ, ಬರಿ ನೆಲದ ಮೇಲಿಟ್ಟು ಒಂದು ತಾಸಾದರೂ ಕಾಯಬೇಕು. ಬೆಂಕಿ ತಡವಾಗಿ ಹೊತ್ತಿಕೊಳ್ಳುವುದೂ ಉಂಟು, ಒಣಗಿದ ತೊಗರಿಗೆ ಒಂದು ಕಿಡಿ ಸಾಕು. ಔಷಧಿ ಚೆಲ್ಲಿದ ಕಡೆ ಕುರಿ, ಮೇಕೆ ಬಿಡದಂತೆ ಹೊಲದವರಿಗೆ ಹೇಳಬೇಕು. ರಿಪೇರಿಯಾದ ಯಂತ್ರದಲ್ಲಿ ಬರೀ ನೀರು ತುಂಬಿ, ಬಯಲಲ್ಲಿ 2 ಮೀಟರ್ ಎತ್ತರಕ್ಕೆ ಐದು ನಿಮಿಷ ನಿಲ್ಲಿಸಿ, ಇಳಿಸಿ, ಮತ್ತೆ ಆರೂ ಮೋಟರ್ ಮುಟ್ಟಿ ನೋಡಿದ ಮೇಲೆಯೇ ಎಣ್ಣಿ ತುಂಬುತ್ತೇವೆ.