ಟೆಲೊಮರೇಸ್ ಅಳೆಯುವುದು ಹೇಗೆ? ಅರ್ಧ ಪರೀಕ್ಷೆ ಐಸ್ ಡಬ್ಬಿಯಲ್ಲೇ ಮುಗಿದಿರುತ್ತದೆ

ಎಂ.ಎಸ್ಸಿ. ಪ್ರಾಜೆಕ್ಟ್‌ಗೆಂದು ಬೆಂಗಳೂರಿನ ಪ್ರಯೋಗಾಲಯಗಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು, ಕಾಂಡಕೋಶಗಳಲ್ಲಿ ಟೆಲೊಮರೇಸ್ ಅಳೆಯುವ ಟ್ರ್ಯಾಪ್ ಪರೀಕ್ಷೆ ಎಂದರೆ ಪಿಸಿಆರ್ (ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವುದು) ಎಂದೇ ತಿಳಿದಿರುತ್ತಾರೆ. ಮಷಿನ್ ಹತ್ತಿರ ಎಲ್ಲಿಲ್ಲದ ಜಾಗ್ರತೆ. ಅದಕ್ಕೂ ಮುಂಚೆ, ಜೀವಕೋಶ ಒಡೆಯುವ ಹೊತ್ತಿನಲ್ಲಿ, ಟ್ಯೂಬನ್ನು ಮೇಜಿನ ಮೇಲೆ ಬಿಟ್ಟು ಕಾಫಿಗೆ ಹೋಗುತ್ತಾರೆ. ಮಾರನೆಯ ದಿನ ಡಿಎನ್‌ಎ ಪಟ್ಟೆಗಳು ಕಾಣಬೇಕಾದ ಜೆಲ್ ಖಾಲಿ, ಬೈಗುಳವೆಲ್ಲ ಪ್ರೈಮರ್‌ಗೆ, ಅಂದರೆ ನಕಲು ಶುರು ಮಾಡುವ ಡಿಎನ್‌ಎ ಚೂರಿಗೆ.

ಹಿನ್ನೆಲೆ ಇಷ್ಟು. ನಮ್ಮ ವರ್ಣತಂತುಗಳ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರದ ತುಣುಕು ಸಾಲಾಗಿ ಮರುಕಳಿಸುತ್ತದೆ. ಅದೇ ಟೆಲೊಮಿಯರ್. ಕೋಶ ಒಡೆದು ಎರಡಾದಾಗಲೆಲ್ಲ ಅದು ಸವೆಯುತ್ತದೆ. ಸವೆದದ್ದನ್ನು ಮತ್ತೆ ಕಟ್ಟುವ ಕಿಣ್ವ ಟೆಲೊಮರೇಸ್. 1984ರಲ್ಲಿ ಕೆರೊಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಇದನ್ನು ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯಲ್ಲಿ ಪತ್ತೆ ಮಾಡಿದರು. ಜ್ಯಾಕ್ ಶೋಸ್ಟಾಕ್ ಜೊತೆ 2009ರ ನೊಬೆಲ್ ಹಂಚಿಕೊಂಡರು. ಬೆಳೆದ ದೇಹದ ಬಹುಪಾಲು ಕೋಶಗಳಲ್ಲಿ ಈ ಕಿಣ್ವ ಇಲ್ಲವೆಂದೇ ಹೇಳಬಹುದು. 1998ರಲ್ಲಿ ಜೇಮ್ಸ್ ಥಾಮ್ಸನ್ ತಂಡ ಮನುಷ್ಯ ಭ್ರೂಣದ ಕಾಂಡಕೋಶಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲವು) ಮೊದಲ ಬಾರಿಗೆ ಬೆಳೆಸಿದಾಗ, ಅವುಗಳಲ್ಲಿ ಟೆಲೊಮರೇಸ್ ಜೋರಾಗಿರುವುದನ್ನೂ ಗುರುತಿನ ಲಕ್ಷಣವಾಗಿ ತೋರಿಸಿತ್ತು. ಅಳೆಯುವ ಟ್ರ್ಯಾಪ್ ವಿಧಾನ ಬಂದದ್ದು 1994ರಲ್ಲಿ. ಕಿಣ್ವಕ್ಕೆ ಒಂದು ಡಿಎನ್‌ಎ ತುಂಡು ಕೊಡಿ, ಅದು ಬಾಲ ಬೆಳೆಸುತ್ತದೆ. ಆ ಬಾಲವನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ ನೋಡಿ.

1. ಅನುಮತಿ

ಮನುಷ್ಯರ ಕಾಂಡಕೋಶದ ಕೆಲಸಕ್ಕೆ ಸಂಸ್ಥೆಯ ಕಾಂಡಕೋಶ ಸಂಶೋಧನಾ ಸಮಿತಿಯ ಒಪ್ಪಿಗೆ ಬೇಕು. ಕೋಶ ತರಿಸುವ ಮುಂಚೆಯೇ ಪಡೆಯಿರಿ.

2. ಕೋಶ ಆರಿಸುವುದು, ಬಿಡಿಸುವುದು

ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ರೂಪಿಸಿದ ಬಿಜೆಎನ್‌ಹೆಮ್ 19, 20 ಎಂಬ ಭ್ರೂಣ ಕಾಂಡಕೋಶಗಳಿರಲಿ, ಚರ್ಮದ ಕೋಶದಿಂದ ಮಾಡಿದ ಐಪಿಎಸ್ ಕಾಂಡಕೋಶ ಇರಲಿ, ಮೊದಲ ಪ್ರಶ್ನೆ ಒಂದೇ: ಕೆಳಗೆ ಏನು ಹಾಸಿದ್ದೀರಿ? ಇಲಿಯ ಫೀಡರ್ ಕೋಶಗಳ (ಕಾಂಡಕೋಶಕ್ಕೆ ಆಸರೆಯಾಗಿ ಹಾಸುವ ಕೋಶಗಳು) ಮೇಲೆ ಬೆಳೆಸಿದ್ದರೆ ಅಲ್ಲೇ ನಿಲ್ಲಿ. ಇಲಿಯ ಟೆಲೊಮಿಯರಿನದೂ ಅದೇ ಆರಕ್ಷರ. ಫೀಡರ್‌ನಲ್ಲಿ ಟೆಲೊಮರೇಸ್ ಇದ್ದರೆ ಟ್ರ್ಯಾಪ್‌ಗೆ ಇಲಿ ಯಾವುದು, ಮನುಷ್ಯ ಯಾರು ಗೊತ್ತಾಗುವುದಿಲ್ಲ. ಮೈಟೊಮೈಸಿನ್ ಹಾಕಿ ವಿಭಜನೆ ನಿಲ್ಲಿಸಿದ್ದೇವೆ ಎಂಬುದು ಉತ್ತರವಲ್ಲ; ವಿಭಜನೆ ನಿಂತಿತೆಂದು ಕಿಣ್ವ ಮಾಯವಾಗುವುದಿಲ್ಲ. ಮ್ಯಾಟ್ರಿಜೆಲ್ ಅಥವಾ ವಿಟ್ರೊನೆಕ್ಟಿನ್ ಎಂಬ ಕೋಶವಿಲ್ಲದ ಹಾಸಿನ ಮೇಲೆ ಒಂದೆರಡು ಸಲ ಪ್ಯಾಸೇಜ್ ಮಾಡಿಕೊಂಡು (ಬಿಡಿಸಿ ಹೊಸ ತಟ್ಟೆಗೆ ದಾಟಿಸಿ) ಬನ್ನಿ. ಆಗದಿದ್ದರೆ ಬರೀ ಫೀಡರ್ ಇರುವ ಒಂದು ತಟ್ಟೆಯನ್ನೂ ಜೊತೆಗೆ ಒಡೆದು ಅಳೆಯಿರಿ.

ಕೋಶಗಳನ್ನು ತಟ್ಟೆಯಿಂದ ಬಿಡಿಸಲು ಅಕ್ಯುಟೇಸ್ ಎಂಬ ಕಿಣ್ವದ ದ್ರಾವಣ ಬಳಸಿ. ಇಡಿಟಿಎಯಲ್ಲಿ ಬಿಡಿಸಿದ ಕಾಂಡಕೋಶಗಳು ಬೆಂದ ಸಬ್ಬಕ್ಕಿಯ ಹಾಗೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಎಣಿಕೆ ತಪ್ಪುತ್ತದೆ. ಇಲ್ಲಿ ಎಣಿಕೆಯೇ ಎಲ್ಲಕ್ಕೂ ಆಧಾರ. ಮತ್ತೆ ಬಿತ್ತುವುದಿಲ್ಲವಾದ್ದರಿಂದ, ಬಿಡಿಯಾದ ಕೋಶ ಸಾಯದಂತೆ ಹಾಕುವ ರಾಕ್ ಇನ್‌ಹಿಬಿಟರ್ ಇಲ್ಲಿ ದಂಡ. ಸತ್ತ ಕೋಶಕ್ಕಷ್ಟೇ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಜೀವಂತ ಕೋಶಗಳನ್ನಷ್ಟೇ ಎಣಿಸಿ.

3. ಲೈಸೇಟ್ (ಒಡೆದ ಕೋಶಗಳ ರಸ): ಎಲ್ಲರೂ ಎಡವುವ ಜಾಗ

ಟೆಲೊಮರೇಸ್‌ಗೆ ಎರಡು ಮುಖ್ಯ ಭಾಗಗಳು: ಟರ್ಟ್ ಎಂಬ ಪ್ರೋಟೀನ್, ಮತ್ತು ಅಚ್ಚಾಗಿ ಕೆಲಸ ಮಾಡುವ 451 ಅಕ್ಷರಗಳ ಆರ್‌ಎನ್‌ಎ. ಹಾಗಾಗಿ ಕಾಟವೂ ಎರಡು ಕಡೆಯಿಂದ. ಪ್ರೋಟೀನನ್ನು ಪ್ರೋಟಿಯೇಸ್ ತಿನ್ನುತ್ತದೆ, ಆರ್‌ಎನ್‌ಎಯನ್ನು ನಿಮ್ಮ ಬೆರಳ ತುದಿಯ ಆರ್‌ಎನ್‌ಏಸ್ ತಿನ್ನುತ್ತದೆ. ಡಿಎನ್‌ಎ ತೆಗೆದು ಅಭ್ಯಾಸವಾದ ಕೈಗೆ ಈ ಭಯ ಇರುವುದಿಲ್ಲ, ತೊಂದರೆ ಅಲ್ಲೇ.

ಕೋಶಗಳನ್ನು ತಣ್ಣನೆಯ ಪಿಬಿಎಸ್‌ನಲ್ಲಿ ತೊಳೆದು, ಟ್ಯೂಬಿನಲ್ಲಿ ಹನಿಯೂ ಉಳಿಯದಂತೆ ಹೀರಿ. ಒಡೆಯಲು ಚಾಪ್ಸ್ ಎಂಬ ಮೃದು ಮಾರ್ಜಕದ ಬಫರ್: ಶೇ 0.5 ಚಾಪ್ಸ್, ಶೇ 10 ಗ್ಲಿಸರಾಲ್, 10 ಮಿಲಿಮೋಲಾರ್ ಟ್ರಿಸ್, ತಲಾ 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಮತ್ತು ಇಜಿಟಿಎ. ಬೀಟಾ ಮರ್ಕ್ಯಾಪ್ಟೊಎಥನಾಲ್, ಪ್ರೋಟಿಯೇಸ್ ತಡೆಯುವ ಪಿಎಂಎಸ್ಎಫ್ ಮತ್ತು ಆರ್‌ಎನ್‌ಏಸ್ ತಡೆಕಾರಕವನ್ನು ಆ ಹೊತ್ತಿಗೇ ಬೆರೆಸಿ. ಪಿಎಂಎಸ್ಎಫ್ ನೀರಿಗೆ ಬಿದ್ದರೆ ಬೇಗ ಕೆಡುತ್ತದೆ. ಹೋದ ವಾರ ಬೆರೆಸಿಟ್ಟ ಬಫರ್‌ನಲ್ಲಿ ಅದು ಹೆಸರಿಗಷ್ಟೇ ಇರುತ್ತದೆ. ವೆಸ್ಟರ್ನ್ ಬ್ಲಾಟ್ ಎಂಬ ಪ್ರೋಟೀನ್ ಪರೀಕ್ಷೆಗೆಂದು ಫ್ರಿಜ್‌ನಲ್ಲಿ ಇಟ್ಟ ರಿಪಾ ಬಫರ್ ಕಡೆ ಕೈ ಹೋಗುವವರಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿರುವ ಎಸ್‌ಡಿಎಸ್ ಎಂಬ ಕಟು ಮಾರ್ಜಕ ಕಿಣ್ವವನ್ನೂ ಕೆಡಿಸುತ್ತದೆ, ಮುಂದಿನ ಪಿಸಿಆರನ್ನೂ ಕೆಡಿಸುತ್ತದೆ.

ಹತ್ತು ಲಕ್ಷ ಕೋಶಕ್ಕೆ 200 ಮೈಕ್ರೊಲೀಟರ್ ಬಫರ್. ಪೈಪೆಟ್‌ನಲ್ಲಿ ನೊರೆ ಬಾರದಂತೆ ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಟ್ಯೂಬ್ ಗಿರಗಿರ ಅಲುಗಿಸುವ ವೋರ್ಟೆಕ್ಸ್ ಮುಟ್ಟಬೇಡಿ. 30 ನಿಮಿಷ ಐಸ್‌ನಲ್ಲಿ. ಐಸ್ ಎಂದರೆ ಪುಡಿ ಐಸ್, ಟ್ಯೂಬ್ ಕತ್ತಿನವರೆಗೆ ಹೂತಿರಬೇಕು. ಕರಗಿದ ನೀರಲ್ಲಿ ತೇಲುವ ಟ್ಯೂಬ್ ತಣ್ಣಗಿದೆ ಎಂದು ಭ್ರಮೆ ಬೇಡ. ಆಮೇಲೆ ಮೊದಲೇ 4 ಡಿಗ್ರಿಗೆ ಇಳಿಸಿಟ್ಟ ಸೆಂಟ್ರಿಫ್ಯೂಜ್‌ನಲ್ಲಿ 12,000 ಜಿಯಲ್ಲಿ 20 ನಿಮಿಷ. ಮೇಲಿನ ತಿಳಿಯನ್ನು ತೆಗೆಯುವಾಗ ಆಸೆಬುರುಕರಾಗಬೇಡಿ. ತಳದಲ್ಲಿ ಸುಮಾರು 40 ಮೈಕ್ರೊಲೀಟರ್ ಬಿಟ್ಟುಬಿಡಿ. ಟಿಪ್‌ಗೆ ಲೋಳೆಯ ಎಳೆ ಸಿಕ್ಕಿತೆಂದರೆ ಡಿಎನ್‌ಎ ಬಂತೆಂದೇ ಅರ್ಥ. ವಾಪಸ್ ಹಾಕಿ ಮತ್ತೆ ತಿರುಗಿಸಿ.

ಪ್ರೋಟೀನ್ ಅಳೆಯಲು ಬ್ರಾಡ್‌ಫರ್ಡ್ ಸಾಕು. ಬಿಸಿಎ ಬೇಡ, ಮರ್ಕ್ಯಾಪ್ಟೊಎಥನಾಲ್ ಅದಕ್ಕೆ ಸುಳ್ಳು ಬಣ್ಣ ಬರಿಸುತ್ತದೆ. ಉಳಿದದ್ದನ್ನು 10 ಮೈಕ್ರೊಲೀಟರಿನ ಪಾಲು ಮಾಡಿ ದ್ರವ ಸಾರಜನಕದಲ್ಲಿ ಅದ್ದಿ ಮೈನಸ್ 80ಕ್ಕೆ ಇಡಿ. ಒಂದು ಪಾಲನ್ನು ಒಮ್ಮೆ ಮಾತ್ರ ಕರಗಿಸಿ. ಕಿಟ್‌ನ ಪುಸ್ತಿಕೆ ಇದಕ್ಕಿಂತ ಉದಾರವಾಗಿರುತ್ತದೆ, ನಾನಲ್ಲ.

4. ಜೊತೆಗಾರ ಟ್ಯೂಬ್‌ಗಳು

ಪ್ರತಿ ಮಾದರಿಗೂ ಒಂದು ಜೋಡಿ: ಅದೇ ಲೈಸೇಟನ್ನು 85 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ಕಿಣ್ವ ಕೊಂದದ್ದು. ‘ಒಂದಕ್ಕೆ ಕಾಯಿಸಿದರೆ ಸಾಲದಾ ಮೇಡಂ’ ಎಂದು ಕೇಳುತ್ತಾರೆ. ಸಾಲದು. ಕಾಯಿಸಿದ ಟ್ಯೂಬಿನಿಂದಲೂ ಜೆಲ್‌ನಲ್ಲಿ ಪಟ್ಟೆಗಳು ಬಂದರೆ ಆ ಮಾದರಿಯ ಫಲಿತಾಂಶ ಕಸದ ಬುಟ್ಟಿಗೆ. ಜೊತೆಗೆ ಬರೀ ಬಫರ್ ಇರುವುದೊಂದು. ಟೆಲೊಮರೇಸ್ ಇದೆಯೆಂದು ಗೊತ್ತಿರುವ ಎಚ್‌ಇಕೆ 293 ಅಥವಾ ಹೀಲಾ ಕೋಶಗಳದ್ದು ಒಂದು. ಇಲ್ಲವೆಂದು ಗೊತ್ತಿರುವ ಯು2ಓಎಸ್ ಒಂದು. ಯು2ಓಎಸ್ ಕ್ಯಾನ್ಸರ್ ಕೋಶವೇ ಆದರೂ ಟೆಲೊಮಿಯರನ್ನು ಬೇರೆ ದಾರಿಯಲ್ಲಿ ಉಳಿಸಿಕೊಳ್ಳುತ್ತದೆ.

5. ಬಾಲ ಬೆಳೆಸಿ, ಪಿಸಿಆರ್

ಟಿಎಸ್ (ಕಿಣ್ವ ಬಾಲ ಬೆಳೆಸುವುದು ಇದಕ್ಕೇ) ಮತ್ತು ಎಸಿಎಕ್ಸ್ ಪ್ರೈಮರ್, ನಕಲು ಮಾಡುವ ಹಾಟ್ ಸ್ಟಾರ್ಟ್ ಟ್ಯಾಕ್ ಕಿಣ್ವ, ಪಿಸಿಆರ್ ನಡೆಯಿತೆಂದು ತೋರಿಸುವ 36 ಅಕ್ಷರದ ಒಳ ನಿಯಂತ್ರಣ. 30 ಡಿಗ್ರಿಯಲ್ಲಿ 30 ನಿಮಿಷ, 95ರಲ್ಲಿ 5 ನಿಮಿಷ, ಆಮೇಲೆ 30 ಸುತ್ತು.

ಲೈಸೇಟ್ ಎಷ್ಟು ಹಾಕಬೇಕು? ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. 1000 ಕೋಶದಷ್ಟು, 250ರಷ್ಟು, 60ರಷ್ಟು ಎಂದು ಮೂರು ಮಟ್ಟದಲ್ಲಿ ಓಡಿಸಿ. ಲೈಸೇಟಿನಲ್ಲೇ ಟ್ಯಾಕ್‌ಗೆ ಅಡ್ಡಿಯಾಗುವ ವಸ್ತುಗಳಿರುತ್ತವೆ. ಜಾಸ್ತಿ ಸುರಿದರೆ ಪಟ್ಟೆ ಹೆಚ್ಚುವ ಬದಲು ಅಳಿಸಿಯೇ ಹೋಗಬಹುದು. ಏಣಿಯೂ (ಬಾಲಗಳ ಪಟ್ಟೆಸಾಲು) ಇಲ್ಲ, 36ರ ಪಟ್ಟೆಯೂ ಇಲ್ಲ ಎಂದರೆ ‘ಟೆಲೊಮರೇಸ್ ಇಲ್ಲ’ ಎಂದು ಬರೆಯುವಂತಿಲ್ಲ. ಪಿಸಿಆರೇ ನಡೆದಿಲ್ಲ, ಇನ್ನಷ್ಟು ತೆಳು ಮಾಡಿ. ಏಣಿ ದಟ್ಟವಾಗಿದ್ದು 36 ಮಾತ್ರ ಮಸುಕಾಗಿದ್ದರೆ ಗಾಬರಿ ಬೇಡ, ಒಂದೇ ಪ್ರೈಮರ್‌ಗೆ ಎರಡರ ಪೈಪೋಟಿ ಅದು.

ಪಿಸಿಆರ್ ಮುಗಿದ ಟ್ಯೂಬನ್ನು ಮಿಶ್ರಣ ಮಾಡುವ ಕೋಣೆಯಲ್ಲಿ ತೆರೆಯಲೇಬೇಡಿ. ಒಮ್ಮೆ ಆ ಬಾಲಗಳು ಪೈಪೆಟ್ ಹೊಕ್ಕರೆ ಬರೀ ಬಫರ್ ಕೂಡ ಕಾಂಡಕೋಶವಾಗುತ್ತದೆ.

6. ಓದುವುದು

ಶೇ 12ರ ಪಾಲಿಅಕ್ರಿಲಮೈಡ್ ಜೆಲ್, ಸೈಬರ್ ಗೋಲ್ಡ್ ಬಣ್ಣ. ಎಥಿಡಿಯಂ ಇಲ್ಲಿಗೆ ಮಂದ. 50 ಅಕ್ಷರದಿಂದ ಶುರುವಾಗಿ ಆರಾರು ಅಕ್ಷರಕ್ಕೊಂದು ಮೆಟ್ಟಿಲಿನ ಏಣಿ ಕಾಣಬೇಕು. ಏಣಿಯ ಒಟ್ಟು ಹೊಳಪಿನಿಂದ ಕಾಯಿಸಿದ ಜೋಡಿಯದನ್ನು ಕಳೆದು, 36ರ ಪಟ್ಟೆಯಿಂದ ಭಾಗಿಸಿ, ಎಚ್‌ಇಕೆ 293ರ ಶೇಕಡಾವಾರು ಎಂದು ಬರೆಯಿರಿ. ರಿಯಲ್ ಟೈಮ್ ಪಿಸಿಆರ್ (ನಕಲು ನಡೆಯುತ್ತಿರುವಾಗಲೇ ಹೊಳಪು ಅಳೆಯುವುದು) ಮಾಡುವವರು ಹತ್ತು ಪಟ್ಟು ತೆಳು ಮಾಡಿದಾಗ ಸುಮಾರು 3.3 ಸುತ್ತು ತಡವಾಗುತ್ತದೆಯೇ ನೋಡಿಕೊಳ್ಳಲಿ. ಹಾಗಿದ್ದರೂ ಹೊಸ ಮಾದರಿಯನ್ನು ಒಮ್ಮೆ ಜೆಲ್‌ನಲ್ಲಿ ನೋಡದೆ ನಾನು ನಂಬುವುದಿಲ್ಲ. ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿಕೊಂಡರೂ ಸೈಬರ್ ಹೊಳೆಯುತ್ತದೆ.

ಟರ್ಟ್ ಜೀನಿನ ಆರ್‌ಎನ್‌ಎ ಅಳೆದು ‘ಟೆಲೊಮರೇಸ್ ಇದೆ’ ಎನ್ನುವ ಅಡ್ಡದಾರಿ ಬೇಡ. ಆ ಆರ್‌ಎನ್‌ಎ ಹಲವು ಬಗೆಯಲ್ಲಿ ಕತ್ತರಿಸಿ ಜೋಡಣೆಯಾಗುತ್ತದೆ, ಎಲ್ಲದರಿಂದಲೂ ಕೆಲಸ ಮಾಡುವ ಕಿಣ್ವ ಬರುವುದಿಲ್ಲ. ಅಸ್ಥಿಮಜ್ಜೆಯ ಮೆಸೆಂಕೈಮಲ್ ಕೋಶಗಳಲ್ಲಿ ಏಣಿ ಕಾಣದಿದ್ದರೆ ಪರೀಕ್ಷೆ ಕೆಟ್ಟಿತೆಂದು ಕೊರಗಬೇಡಿ. ಹೆಸರು ಕಾಂಡಕೋಶವೇ ಆದರೂ ಅವುಗಳಲ್ಲಿ ಟೆಲೊಮರೇಸ್ ತೀರಾ ಕಡಿಮೆ ಅಥವಾ ಇಲ್ಲ.

ಐಪಿಎಸ್‌ನಿಂದ ನರಕೋಶ ಮಾಡಿದ ಮೇಲೂ ತೆಳು ಏಣಿ ಉಳಿದರೆ? ಟ್ಯೂಬ್ ಹೇಳುವುದು ತಟ್ಟೆಯ ಸರಾಸರಿ. ಎಲ್ಲ ಕೋಶಗಳಲ್ಲೂ ಕಿಣ್ವ ಚೂರು ಉಳಿದಿರಬಹುದು, ಇಲ್ಲವೇ ಬದಲಾಗದ ನಾಲ್ಕು ಕೋಶಗಳು ಮೂಲೆಯಲ್ಲಿ ಕೂತಿರಬಹುದು. ಒಡೆಯುವ ದಿನವೇ ಅದೇ ತಟ್ಟೆಯ ಒಂದಿಷ್ಟು ಕೋಶಗಳನ್ನು ಕಾಂಡಕೋಶದ ಗುರುತಾದ ಓಸಿಟಿ4ರ ಪ್ರತಿಕಾಯ ಹಾಕಿ, ಕೋಶಗಳನ್ನು ಒಂದೊಂದಾಗಿ ನೋಡುವ ಫ್ಲೋ ಸೈಟೊಮೆಟ್ರಿಗೆ ಕೊಟ್ಟರೆ ಯಾವುದೆಂದು ತಿಳಿಯುತ್ತದೆ. ವಾರ ಬಿಟ್ಟು ಬೇರೆ ತಟ್ಟೆಯಲ್ಲಿ ಮಾಡಿದರೆ ತಿಳಿಯುವುದಿಲ್ಲ.