ಮನೆ ಬದಲಿಸಿದ್ರಾ? ಗೃಹಜ್ಯೋತಿ ಡಿ-ಲಿಂಕ್ ಮರೀಬೇಡಿ

ಬಾಡಿಗೆ ಮನೆಯವರಿಗೆ ಒಂದು ಮಾತು. ಹಳೇ ಮನೆಯ ಮೀಟರ್‌ಗೆ ನಿಮ್ಮ ಆಧಾರ್ ಜೋಡಿಸಿಕೊಂಡೇ ಇದ್ದರೆ ಹೊಸ ಮನೆಗೆ ಗೃಹಜ್ಯೋತಿ, ಅಂದರೆ ರಾಜ್ಯ ಸರ್ಕಾರದ ಫ್ರೀ ಕರೆಂಟ್ ಯೋಜನೆ, ಸಿಗುವುದಿಲ್ಲ. ನಾನು ಇದು ಗೊತ್ತಿಲ್ಲದೆ ಎರಡು ತಿಂಗಳು ಸುಮ್ನೆ ಪೂರ್ತಿ ಬಿಲ್ ಕಟ್ಟಿದೆ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಮೊದಲು ಹಳೆಯ ಜೋಡಣೆ ತೆಗೆಸಿ (ಅದೇ ಡಿ-ಲಿಂಕ್), ಆಮೇಲೆ ಹೊಸ ಬಿಲ್‌ನಲ್ಲಿರುವ ಅಕೌಂಟ್ ಐಡಿ ಹಾಕಿ ಅರ್ಜಿ ಕೊಡಿ. ಬಾಡಿಗೆ ಕರಾರು ಪತ್ರ ಕೈಯಲ್ಲಿರಲಿ.

ಇನ್ನೊಂದು ವಿಷಯ. ಎಲ್ಲರಿಗೂ 200 ಯೂನಿಟ್ ಫ್ರೀ ಅಲ್ಲ! 2022-23ರ ತಿಂಗಳ ಸರಾಸರಿ ಬಳಕೆಯ ಮೇಲೆ ಶೇ. 10 ಜಾಸ್ತಿ, ಅಷ್ಟೇ. ಸರಾಸರಿ 90 ಇದ್ದರೆ 99 ಫ್ರೀ. 110 ಉರಿಸಿದರೆ 11 ಯೂನಿಟ್‌ಗೆ ದುಡ್ಡು. 200 ದಾಟಿತೋ, ಇಡೀ ಬಿಲ್ ನಮ್ಮ ತಲೆಗೆ. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸುತ್ತಾರೆ.

ನಮ್ಮಲ್ಲಿ ಗೀಸರೇ ಕಳ್ಳ. ಸ್ವಿಚ್ ಪಕ್ಕ ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಪ್ರತಿ ಭಾನುವಾರ ರೀಡಿಂಗ್ ಬರೆಯುತ್ತೇವೆ (ಓನರ್‌ಗೆ ಹೇಳಬೇಡಿ). ಬಿಲ್ ಚೀಟಿಯ ಅಕ್ಷರ ಬೇಗ ಮಾಸುತ್ತೆ, ಬಂದ ದಿನವೇ ಫೋಟೋ ತೆಗೆದಿಡಿ. ಲೆಕ್ಕ ತಪ್ಪಿದೆ ಅನ್ನಿಸಿದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.