ಈ ಶನಿವಾರ ಡಡನ್, ಮುಂದಿನ ಶನಿವಾರ ಎನರ್‌ಡೇಲ್: ನಡುವಿನ ವಾರ ಕಾಲು ಉಳಿಸಿಕೊಳ್ಳೋದು ಹೇಗೆ?

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಕಡೆ ಬೆಟ್ಟಕ್ಕೆ ‘ಫೆಲ್’ ಅಂತಾರೆ. ಫೆಲ್ ರೇಸ್‌ನಲ್ಲಿ ಚೆಕ್‌ಪಾಯಿಂಟುಗಳನ್ನು ಮುಟ್ಟಿಕೊಂಡು ಬರಬೇಕು ಅಷ್ಟೇ, ನಡುವಿನ ಹುಲ್ಲು, ಕೆಸರು, ಸಡಿಲ ಕಲ್ಲು, ಮಂಜು ಎಲ್ಲ ನಿಮ್ಮ ಪಾಡು. ಅಂಥ ಎರಡು ರೇಸ್‌ಗಳಲ್ಲಿ ಡಡನ್ ವ್ಯಾಲಿ ಸುಮಾರು 29 ಕಿ.ಮೀ., ಎನರ್‌ಡೇಲ್ ಹಾರ್ಸ್‌ಶೂ ಸುಮಾರು 37. ಎರಡೂ ‘ಎ ಲಾಂಗ್’ ದರ್ಜೆಯವು, ಅಂದರೆ 20 ಕಿ.ಮೀ.ಗಿಂತ ಉದ್ದ, ಕಿಲೋಮೀಟರಿಗೆ ಸರಾಸರಿ ಕನಿಷ್ಠ 50 ಮೀಟರ್ ಏರು. ಕ್ಯಾಲೆಂಡರ್ ಹೊಂದಿಬಂದ ವರ್ಷ ಒಂದರ ಬೆನ್ನಿಗೇ ಇನ್ನೊಂದು ಬರುತ್ತೆ, ಆಗ ಆಸೆ ತಡೆಯೋಕಾಗಲ್ಲ.

ಮೊದಲು ಯಾವುದು ಮುಖ್ಯ ಅಂತ ತೀರ್ಮಾನಿಸಿ. ಎರಡರಲ್ಲೂ ಜೀವ ಬಿಟ್ಟು ಓಡ್ತೀನಿ ಅಂದರೆ ನನ್ನ ಪ್ರಕಾರ ಎರಡೂ ಕೆಡುತ್ತವೆ.

ಕಾಲು ಕೆಡಿಸುವುದು ಏರಲ್ಲ, ಇಳಿಜಾರು. ಏರಿನಲ್ಲಿ ಉಸಿರು ಕಟ್ಟುತ್ತೆ, ಐದು ನಿಮಿಷಕ್ಕೆ ಸರಿಹೋಗುತ್ತೆ. ಇಳಿಯುವಾಗ ಮಾತ್ರ ತೊಡೆಯ ಸ್ನಾಯು ಉದ್ದಕ್ಕೆ ಎಳೆಸಿಕೊಳ್ಳುತ್ತಲೇ ಬ್ರೇಕ್ ಹಾಕಬೇಕು, ಆಗ ಅದರ ಎಳೆಗಳು ಒಳಗೊಳಗೇ ಹರಿಯುತ್ತವೆ, ನೋವು ಒಂದೆರಡು ದಿನ ಬಿಟ್ಟು ಜೋರಾಗುತ್ತೆ. ಒಮ್ಮೆ ಇಳಿಜಾರಿನ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟನ್ನು ಚೆನ್ನಾಗಿ ತಡೆಯುತ್ತೆ ಅನ್ನೋದೊಂದೇ ಸಮಾಧಾನ. ಆದ್ದರಿಂದ ಡಡನ್‌ಗೆ ಮೂರು ವಾರ ಮುಂಚೆ ಒಂದು ಒಳ್ಳೆ ಉದ್ದದ ಇಳಿಜಾರು ಓಡಿಬಿಡಿ. ಡಡನ್ ದಿನ ಕೊನೆಯ ಬೆಟ್ಟದ ಹೆಸರು ಕಾ (Caw), ಅದರ ತುದಿಯಿಂದ ಕೆಳಗಿನ ಹಳ್ಳಿ ಕಂಡ ತಕ್ಷಣ ಎಲ್ಲರೂ ಧಡಧಡ ಇಳಿಯುತ್ತಾರೆ. ನೀವು ಬೇಡ. ಹೆಜ್ಜೆ ಚಿಕ್ಕದಿಡಿ. ನಾಲ್ಕು ಜನ ಮುಂದೆ ಹೋದರೆ ಹೋಗಲಿ.

ಮುಗಿಸಿದ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಹಾಕಿ. ನಾನು ಡಬ್ಬಿಯಲ್ಲಿ ಮೊಸರನ್ನ ಒಯ್ಯುತ್ತೇನೆ, ಪಕ್ಕದವರು ವಿಚಿತ್ರವಾಗಿ ನೋಡಿದರೂ ಅನ್ನ ಮತ್ತು ಉಪ್ಪು ಎರಡೂ ಒಟ್ಟಿಗೆ ಸಿಗುತ್ತಲ್ವಾ. ಮುಂದಿನ ಎರಡು ದಿನವೂ ಅನ್ನ, ಚಪಾತಿ, ಬೇಳೆ ಜಾಸ್ತಿ ಇರಲಿ. ಬೂಟಿನ ಕೆಸರು ತೊಳೆದು ಒಳಗೆ ಹಳೇ ಪೇಪರ್ ತುರುಕಿ, ಒದ್ದೆಯಾದಂತೆ ಬದಲಿಸಿ. ಹೀಟರ್ ಮೇಲಿಟ್ಟರೆ ಅಂಟು ಬಿಡುತ್ತೆ.

ಭಾನುವಾರ ಸಮತಟ್ಟು ದಾರಿಯಲ್ಲಿ ಅರ್ಧ ಗಂಟೆ ನಡಿಗೆ. ಸೋಮವಾರ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವ ಪರಿಸ್ಥಿತಿ ಬಂದರೆ ಗಾಬರಿ ಬೇಡ, ಸುಮ್ನೆ ನಿದ್ದೆ ಮಾಡಿ. ನೋವಿಗೆ ಐಬುಪ್ರೊಫೇನ್ ನುಂಗಿ ಓಡಬೇಡಿ, ಮೈಯಲ್ಲಿ ನೀರು ಕಡಿಮೆಯಿದ್ದಾಗ ಅದು ಕಿಡ್ನಿಗೆ ಕೆಟ್ಟದ್ದು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಬುಧವಾರ ಹುಲ್ಲಿನ ಮೇಲೆ ನಿಧಾನ ಅರ್ಧ ಗಂಟೆ ಓಟ. ಗುರುವಾರ ಬೆಳಿಗ್ಗೆ ಪರೀಕ್ಷೆ: ಕಂಬಿ ಹಿಡಿಯದೆ ಮೆಟ್ಟಿಲಿಳಿಯಿರಿ. ಎರಡೂ ತೊಡೆ ಸಮವಾಗಿ ಬಿಗಿದಿದ್ದರೆ ಪರವಾಗಿಲ್ಲ. ಒಂದೇ ಜಾಗದಲ್ಲಿ ಚುಚ್ಚಿದರೆ, ಊದಿದ್ದರೆ ಎನರ್‌ಡೇಲ್ ಬಿಡಿ. ಈ ವಾರ ಫಿಟ್‌ನೆಸ್ ಹೆಚ್ಚಿಸೋಕೆ ಹೋಗುವವರು ದಡ್ಡರು, ನಾನೂ ಒಮ್ಮೆ ಆ ಸಾಲಿನಲ್ಲಿದ್ದೆ.

ಶುಕ್ರವಾರ ಬ್ಯಾಗ್ ಕಟ್ಟಿ: ಮೈ ಪೂರ್ತಿ ಮುಚ್ಚುವ ಮಳೆ ಅಂಗಿ ಮತ್ತು ಪ್ಯಾಂಟ್, ಟೊಪ್ಪಿ, ಕೈಗವಸು, ನಕ್ಷೆ, ದಿಕ್ಸೂಚಿ, ಸೀಟಿ, ತುರ್ತಿಗೆಂದು ಮುಟ್ಟದೇ ಉಳಿಸುವ ತಿಂಡಿ.

ಶನಿವಾರ ಮೊದಲ ಬೆಟ್ಟ ಗ್ರೇಟ್ ಬೋರ್ನ್‌ನಲ್ಲಿ ಕಾಲು ಹಗುರ ಅನಿಸುತ್ತೆ, ನಂಬಬೇಡಿ. ಕರ್ಕ್ ಫೆಲ್ ಇಳಿದು ಬ್ಲ್ಯಾಕ್ ಸೇಲ್ ಪಾಸ್ (ಎರಡು ಬೆಟ್ಟಗಳ ನಡುವಿನ ತಗ್ಗು) ಮುಟ್ಟಿ, ಮತ್ತೆ 892 ಮೀಟರಿನ ಪಿಲ್ಲರ್ ಬೆಟ್ಟಕ್ಕೆ ಮುಖ ಮಾಡುವಾಗ ಹೋದ ವಾರದ ಸಾಲ ಬಡ್ಡಿ ಸಮೇತ ವಸೂಲಾಗುತ್ತೆ. ಅಲ್ಲಿವರೆಗೆ ತಿನ್ನುತ್ತಲೇ ಇರಿ. ಸಾಕು ಅನಿಸಿದರೆ ನಿಲ್ಲಿಸಿ, ಆದರೆ ಚೆಕ್‌ಪಾಯಿಂಟಿನಲ್ಲಿ ನಿಂತಿರುವ ಮಾರ್ಷಲ್‌ಗೆ (ರೇಸ್ ನೋಡಿಕೊಳ್ಳುವವರಿಗೆ) ನಿಮ್ಮ ನಂಬರ್ ಹೇಳಿ, ಆಮೇಲೆ ಫಿನಿಷ್‌ಗೂ ಬಂದು ಹೇಳಿ ಹೋಗಿ. ಇಲ್ಲದಿದ್ದರೆ ನೀವು ಮನೆಯಲ್ಲಿ ಬಿಸಿನೀರು ಕಾಯಿಸುತ್ತಿರುವಾಗ, ಸಂಬಳವಿಲ್ಲದೆ ದುಡಿಯುವ ಮೌಂಟನ್ ರೆಸ್ಕ್ಯೂ ಜನ ಟಾರ್ಚ್ ಹಿಡಿದು ನಿಮ್ಮನ್ನು ಬೆಟ್ಟದ ಮೇಲೆ ಹುಡುಕುತ್ತಿರುತ್ತಾರೆ.